ಮಾಳವ್ವನ ಗದ್ದ

ನಮ್ಮ ಊರಿನಲ್ಲಿ ನಲವತ್ತು ವರ್ಷ ನಾನು ಬೀಸುಕಲ್ಲುಗಳಿಗೆ ಮುಳ್ಳು ಹಾಕಿದ್ದೇನೆ. ಆರು ತಿಂಗಳು ತಿರುಗಿದ ಕಲ್ಲು ನುಣುಪಾಗುತ್ತದೆ. ಕಾಳು ಒಳಗೇ ಜಾರಾಡುತ್ತದೆ, ಹಿಟ್ಟು ಬೀಳುವುದಿಲ್ಲ. ಆಗ ಹೆಂಗಸರು ಹೇಳಿ ಕಳಿಸುತ್ತಿದ್ದರು. ನಾನು ಉಳಿ ಸುತ್ತಿಗೆ ಹಿಡಿದುಕೊಂಡು ಹೋಗಿ, ಮೇಲಿನ ಕಲ್ಲನ್ನು ಎತ್ತಿ ಮಗುಚಿಟ್ಟು, ಎರಡೂ ಕಲ್ಲಿನ ಮೈಮೇಲೆ ಸಾಲುಸಾಲಾಗಿ ಸಣ್ಣ ಗುಳಿ ಹೊಡೆಯುತ್ತಿದ್ದೆ. ಇದಕ್ಕೇ ಮುಳ್ಳು ಹಾಕುವುದು ಎನ್ನುತ್ತಾರೆ. ಗುಳಿ ಆಳವಾಗಿ ಬಿಡಿಬಿಡಿಯಾಗಿ ಬಿದ್ದರೆ ಹಿಟ್ಟು ತರಿತರಿಯಾಗುತ್ತದೆ, ಒತ್ತೊತ್ತಾಗಿ ಬಿದ್ದರೆ ಸಣ್ಣಗಾಗುತ್ತದೆ. ನೋಡಲಿಕ್ಕೆ ಇಷ್ಟೇ ಕೆಲಸ. ಆದರೆ ಯಾವ ಮನೆಯ ಕಲ್ಲಿಗೆ ಎಷ್ಟು ಮುಳ್ಳು ಎಂಬುದನ್ನು ಮಾತ್ರ ಮರೆಯುವ ಹಾಗಿಲ್ಲ. ನಮ್ಮಲ್ಲಿ ಮಕ್ಕಳ ಮುಖ ಬರುವುದು ಕಲ್ಲಿನಿಂದ.

ಗಾಳೆಪ್ಪನವರ ಮನೆಯದು ತರಿ ಹಿಟ್ಟು. ಆ ಮನೆಯಲ್ಲಿ ಬೆಳೆದವರ ದವಡೆ ಅಗಲ, ಕೆನ್ನೆಯ ಕೆಳಗೆ ಎಲುಬು ಚೌಕಾಗಿ ತಿರುಗಿರುತ್ತದೆ, ಹಲ್ಲುಗಳು ಜಾಗ ಬಿಟ್ಟುಕೊಂಡು ಆರಾಮಾಗಿ ನಿಂತಿರುತ್ತವೆ. ನಮ್ಮ ಮನೆಯದು ಸಣ್ಣ ಹಿಟ್ಟು. ನಮ್ಮವರದೆಲ್ಲ ಸಪೂರ ಮುಖ, ಚಿಕ್ಕ ಗದ್ದ, ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿರುತ್ತವೆ. ಸಂತೆಯಲ್ಲಿ ಕೂಸೊಂದು ತಪ್ಪಿಸಿಕೊಂಡು ಅಳುತ್ತ ನಿಂತಿದ್ದರೆ, ಅದರ ಬಾಯಿ ನೋಡಿ ಮನೆಗೆ ಮುಟ್ಟಿಸಿ ಬರುತ್ತಾರೆ. ತಲೆಯ ಎಲುಬು ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಮೇಲಿನ ದವಡೆ, ಎಲ್ಲಕ್ಕಿಂತ ತಡವಾಗಿ ಕೆಳಗಿನ ದವಡೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ನಿಲ್ಲುವ ತನಕ ಅದು ಹಿಟ್ಟಿನ ಮಾತು ಕೇಳುತ್ತದೆ, ಅನಂತರ ಏನು ತಿಂದರೂ ಕೇಳುವುದಿಲ್ಲ. ಹಾಗಾಗಿ ಆ ವಯಸ್ಸಿನ ಮಕ್ಕಳಿಗೆ ಬೇರೆ ಮನೆಯವರು ತುತ್ತು ಕೊಡುವಂತಿಲ್ಲ. ಮದುವೆಗೆ ಹೋದರೂ ತಾಯಂದಿರು ಮಕ್ಕಳ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಇದರಲ್ಲಿ ಒಂದು ಸಂಕಟವಿದೆ. ಗಂಡನ ಮನೆಯಲ್ಲಿ ಎಂಟು ಹೆತ್ತರೂ ಅದರಲ್ಲಿ ಒಂದಕ್ಕೂ ಅವರ ಮುಖ ಬರುವುದಿಲ್ಲ. ಅದಕ್ಕೆ ಯಾರೂ ಅಳುತ್ತ ಕೂಡುವುದಿಲ್ಲ, ರೂಢಿಯಾಗಿಬಿಟ್ಟಿದೆ.

ಇನ್ನೊಂದು ಪದ್ಧತಿ ಹೇಳಬೇಕು. ಮೊದಲ ಹಾಲುಹಲ್ಲು ಅಲುಗಾಡಿದ ದಿನ ಮಗುವಿನ ಅಜ್ಜಿ, ಅಂದರೆ ತಂದೆಯ ತಾಯಿ, ಜೋಳದ ಹಿಟ್ಟನ್ನು ಬಿಗಿಯಾಗಿ ನಾದಿ ಉಂಡೆ ಮಾಡಿ ಮಗುವಿನಿಂದ ಕಚ್ಚಿಸುತ್ತಾಳೆ. ಹಲ್ಲಿನ ಗುರುತು ಮೂಡಿದ ಆ ಉಂಡೆಯನ್ನು ನೆರಳಿನಲ್ಲಿ ಒಣಗಿಸಿ ಬೀಸುಕಲ್ಲಿನ ಮೇಲಿನ ಗೂಡಿನಲ್ಲಿ ಇಡುತ್ತಾರೆ. ಅದಕ್ಕೆ ಕಚ್ಚು ಎನ್ನುತ್ತಾರೆ. ಆಯಾ ಮನೆಯಲ್ಲಿ ಹುಟ್ಟಿದವರ ಕಚ್ಚುಗಳು ಆ ಗೂಡಿನಲ್ಲಿ ಸಾಲಾಗಿ ಕೂತಿರುತ್ತವೆ. ಯಾರಾದರೂ ಸತ್ತರೆ ಅವರ ಕಚ್ಚನ್ನು ಅವರ ಜೊತೆಗೇ ಮಣ್ಣಿಗೆ ಕಳಿಸುತ್ತಾರೆ.

ನನ್ನ ಮಗಳು ಮಾಳವ್ವನನ್ನು ಗಾಳೆಪ್ಪನಿಗೆ ಕೊಟ್ಟಿದ್ದೆ. ಅದೇ ಊರು, ಎರಡು ಓಣಿ ಆಚೆ. ನಮಗೆ ಉಳಿದದ್ದು ಅವಳೊಬ್ಬಳೇ. ಮದುವೆಯಾಗಿ ಎರಡು ವರ್ಷಕ್ಕೆ ನಿಂಬವ್ವ ಹುಟ್ಟಿದಳು. ಆ ಕೂಸಿಗೆ ಮೂರು ವರ್ಷ ತುಂಬಿ ನಾಲ್ಕರಲ್ಲಿ ಕಾಲಿಟ್ಟಾಗ ಮಾಳವ್ವನಿಗೆ ಜ್ವರ ಬಂತು, ಮೂರನೆಯ ದಿನ ಹೋಗಿಬಿಟ್ಟಳು. ಗಾಳೆಪ್ಪನ ತಾಯಿ ಲಚಮವ್ವ ಕಚ್ಚು ಕೊಡಿರೆಂದು ಹೇಳಿ ಕಳಿಸಿದಳು. ನನ್ನ ಹೆಂಡತಿ ಸಕ್ರವ್ವ ಗೂಡಿನಿಂದ ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು, ಹಲ್ಲಿನ ಕುಳಿಗಳ ಮೇಲೆ ಹೆಬ್ಬೆರಳಾಡಿಸಿದಳು, ಕೊಟ್ಟುಬಿಟ್ಟಳು.

ಆಮೇಲೆ ಅವಳಿಗೆ ಒಂದೇ ಹುಚ್ಚು ಹಿಡಿಯಿತು. ಮಗಳ ಬಾಯಿ ಹೇಗಿತ್ತೆಂದು ನೆನಪಾಗುತ್ತಿಲ್ಲವೆಂದು ಹೇಳುತ್ತಿದ್ದಳು. ಕಣ್ಣು ನೆನಪಿದೆ, ಜಡೆ ನೆನಪಿದೆ, ನಡಿಗೆ ನೆನಪಿದೆ, ನಕ್ಕಾಗ ಬಾಯಿ ಹೇಗಾಗುತ್ತಿತ್ತು ಎಂಬುದು ಮಾತ್ರ ಬರುತ್ತಿರಲಿಲ್ಲ. ನನ್ನಂತೆಯೇ ಇತ್ತಲ್ಲ, ನನ್ನನ್ನು ನೋಡಿಕೋ ಎಂದೆ. ಅವಳು ಬಹಳ ಹೊತ್ತು ನನ್ನನ್ನು ನೋಡಿದಳು.

"ನಿಮ್ಮ ಬಾಯಾಗ ಹಲ್ಲ ಎಲ್ಲಿ ಅದಾವ? ಒಣಗಿದ ಬದನೀಕಾಯಿ ಆಗೇತಿ ಮಾರಿ," ಅಂದಳು. ಅಷ್ಟು ಅಂದು ಸೆರಗು ಬಾಯಿಗೆ ಹಿಡಿದಳು. ನಗುತ್ತಿದ್ದಾಳೆಂದುಕೊಂಡೆ, ಅಲ್ಲ.

ಅವಳು ಉಣ್ಣುವುದನ್ನು ಕಡಿಮೆ ಮಾಡಿದಳು. ಮಾಡಿದ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಒಣಗುತ್ತಿತ್ತು. ನಾನು ಹೇಳಿ ನೋಡಿದೆ, ಬೈದು ನೋಡಿದೆ. ಕೈಯ ಬಳೆ ಮೊಣಕೈವರೆಗೆ ಜಾರುವಷ್ಟು ಬಡವಾದಳು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಲಚಮವ್ವ ಕಲ್ಲಿಗೆ ಮುಳ್ಳು ಹಾಕಲು ಕರೆದಳು. ನಾನು ಹೋದೆ. ನಡುಮನೆಯಲ್ಲಿ ಕಲ್ಲು ಮಗುಚಿಟ್ಟುಕೊಂಡು ಕೂತೆ. ನಿಂಬವ್ವ ಹೊಸ್ತಿಲ ಮೇಲೆ ಕೂತು ರೊಟ್ಟಿ ಕಡಿಯುತ್ತಿತ್ತು. ಅವರ ಮನೆಯ ಅಳತೆ ಬೆರಳಗಲಕ್ಕೆ ಎರಡು ಗುಳಿ. ನಮ್ಮದು ನಾಲ್ಕು. ಮೊದಲ ಸಾಲು ಎರಡರಂತೆ ಹೊಡೆದೆ. ಕೂಸು ನನ್ನ ಕಡೆ ತಿರುಗಿ, "ಮುತ್ಯಾ, ಕಲ್ಲಿಗೆ ನೋಯಂಗಿಲ್ಲ?" ಎಂದು ಕೇಳಿತು. ಇಲ್ಲವ್ವ ಎಂದೆ. ಆ ಮುಖದಲ್ಲಿ ಆಗಲೇ ಗಾಳೆಪ್ಪನ ಮನೆಯ ಚೌಕು ಬರಲಿಕ್ಕೆ ಹತ್ತಿತ್ತು. ಇನ್ನು ಮೂರು ವರ್ಷಕ್ಕೆ ಅಲ್ಲಿ ನನ್ನ ಮಗಳದೆಂಬುದು ಏನೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲ ತಾಯಂದಿರದೂ ಹಾಗೇ ಆಗುವುದು. ಅದೂ ಗೊತ್ತಿತ್ತು. ಎರಡನೆಯ ಸಾಲಿನಿಂದ ನಾಲ್ಕರಂತೆ ಹೊಡೆದೆ. ಮೊದಲ ಸಾಲನ್ನೂ ತಿದ್ದಿದೆ. ಕೆಳಗಿನ ಕಲ್ಲಿಗೂ ಹಾಗೇ.

ಮಧ್ಯಾಹ್ನ ಹೊರಳಿತು. ಲಚಮವ್ವ ಬಂದು, ಇವತ್ತು ಯಾಕೆ ಬೀಗರೇ ಇಷ್ಟು ಹೊತ್ತು ಎಂದಳು. ಕಲ್ಲು ಗಡುಸಾಗಿದೆ ಎಂದೆ. ಮನೆಗೆ ಬಂದು ಸಕ್ರವ್ವನಿಗೂ ಹೇಳಲಿಲ್ಲ.

ಲಚಮವ್ವನಿಗೆ ಅನುಮಾನ ಬರುತ್ತದೆಂದು ಹೆದರಿದ್ದೆ. ಆದರೆ ಅವಳಿಗೂ ಹಲ್ಲು ಸಡಿಲಾಗಿದ್ದವು. ಹೊಸ ಹಿಟ್ಟಿನ ಮೆತ್ತನೆಯ ರೊಟ್ಟಿ ಅವಳಿಗೆ ಒಗ್ಗಿತು. ಬಾವಿಯ ಹತ್ತಿರ ಸಿಕ್ಕವರಿಗೆಲ್ಲ, ನಮ್ಮ ಬೀಗರಿಗೆ ವಯಸ್ಸಾದ ಹಾಗೆ ಕೈಗೆ ರುಚಿ ಬಂದಿದೆ ಎಂದು ಹೊಗಳಿಕೊಂಡಳಂತೆ. ಗಾಳೆಪ್ಪ ಮಾತ್ರ, ಈ ರೊಟ್ಟಿ ತಿಂದರೆ ಹೊಲದ ದಾರಿ ಮುಟ್ಟುವುದರೊಳಗೆ ಹಸಿವಾಗುತ್ತದೆ ಎಂದು ಗೊಣಗಿದ. ದೊಡ್ಡವರ ಮುಖ ಬದಲಾಗುವುದಿಲ್ಲ, ಹಾಗಾಗಿ ಯಾರಿಗೂ ಏನೂ ತೋರಲಿಲ್ಲ. ಆರು ತಿಂಗಳಿಗೆ ಮತ್ತೆ ಕರೆದರು, ಮತ್ತೆ ನಾಲ್ಕರಂತೆ ಹೊಡೆದೆ. ಹೀಗೆ ಎರಡು ವರ್ಷ ಕಳೆಯಿತು.

ಮೊದಲು ಕಂಡದ್ದು ಸಕ್ರವ್ವನಿಗೆ. ಒಂದು ದಿನ ಕೆರೆಯಿಂದ ಬಟ್ಟೆ ಒಗೆದುಕೊಂಡು ಬಂದವಳು ಒದ್ದೆ ಗಂಟನ್ನು ಇಳಿಸದೆ ಬಾಗಿಲಲ್ಲೇ ನಿಂತಳು. ನಿಂಬವ್ವ ಕೆರೆಯ ದಂಡೆಯಲ್ಲಿ ಸಿಕ್ಕಿತ್ತಂತೆ.

"ಕೂಸಿನ ಗದ್ದ ನೋಡೀರೇನು? ಮಾಳವ್ವಂದು," ಅಂದಳು. "ಕೆಳಗಿನ ತುಟಿ ಒಳಗ ಎಳಕೊಂಡು ನಕ್ಕಳು. ಹಂಗ ನಗತಿದ್ದಳಲ್ಲ. ನನಗ ಈಗ ನೆನಪಾತು."

ಅಂದು ಅವಳು ಎರಡು ರೊಟ್ಟಿ ಉಂಡಳು. ಮರುದಿನದಿಂದ ಗಾಳೆಪ್ಪನ ಮನೆಯ ಮುಂದೆ ಹಾದು ಹೋಗಲು ಅವಳಿಗೆ ದಿನಕ್ಕೊಂದು ನೆಪ ಸಿಗುತ್ತಿತ್ತು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಲೆ ಬಾಚುವಳು. ಬಾಚುವುದು ತಲೆ, ನೋಡುವುದು ಬಾಯಿ. ಒಂದು ತುತ್ತೂ ಕೊಟ್ಟವಳಲ್ಲ, ನೀರು ಕೂಡ ಅವರ ಮನೆಯ ಕೊಡದಿಂದಲೇ ಕುಡಿಸುತ್ತಿದ್ದಳು. ಅವಳ ಮೈ ತುಂಬಿತು, ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ದೇವರು ಕಣ್ಣು ತೆರೆದ ಎಂದು ಅವಳೆಂದರೆ ನಾನು ಹೂಂಗುಟ್ಟುತ್ತಿದ್ದೆ.

ಆದರೆ ನಾನು ಲೆಕ್ಕ ತಪ್ಪಿದ್ದೆ. ನಲವತ್ತು ವರ್ಷ ಈ ಕೆಲಸ ಮಾಡಿದವನಿಗೆ ಮೊದಲ ದಿನವೇ ಹೊಳೆಯಬೇಕಿತ್ತು. ನಿಂಬವ್ವನ ಮೇಲಿನ ದವಡೆ ನಾಲ್ಕನೆಯ ವರ್ಷದೊಳಗೆ ಅಪ್ಪನ ಮನೆಯ ತರಿ ಹಿಟ್ಟಿಗೆ ಅಗಲವಾಗಿ ಬೆಳೆದಿತ್ತು. ಅದು ಹಾಗೇ ಉಳಿಯಿತು. ಕೆಳಗಿನದು ನನ್ನ ಹಿಟ್ಟಿಗೆ ಸಣ್ಣಗಾಗಿ ನಿಂತಿತು. ಮೇಲಿನ ಕಲ್ಲು ಒಂದು ಮನೆಯದು, ಕೆಳಗಿನದು ಇನ್ನೊಂದು ಮನೆಯದು ಇಟ್ಟರೆ ಕಾಳು ನುರಿಯುತ್ತದೆಯೇ? ಕೂಸು ಬಾಯಿ ಮುಚ್ಚಿದರೆ ಮುಂದಿನ ಹಲ್ಲುಗಳು ಕೂಡುತ್ತಿರಲಿಲ್ಲ, ನಡುವೆ ಕಿರುಬೆರಳು ಹೋಗುವಷ್ಟು ಸಂದು. ಮೆತ್ತನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದುದರಿಂದ ಯಾರೂ ಗಮನಿಸಿರಲಿಲ್ಲ. ಸಕ್ರವ್ವ ದಿನಾ ಆ ಬಾಯಿಯನ್ನೇ ನೋಡುತ್ತಿದ್ದರೂ ಅವಳಿಗೆ ಕಂಡದ್ದು ಮಗಳ ಗದ್ದ ಮಾತ್ರ.

ಆರು ತುಂಬಿದ ಮೇಲೆ ನಿಂಬವ್ವನ ಹಲ್ಲು ಅಲುಗಾಡಿತು. ಅದೇ ದಿನ ಸಂಜೆ ಲಚಮವ್ವ ನಮ್ಮ ಮನೆಗೆ ಬಂದಳು. ಕೂಡಲಿಲ್ಲ. ಸೆರಗಿನಿಂದ ಕಚ್ಚಿನ ಉಂಡೆ ತೆಗೆದು ಸಕ್ರವ್ವನ ಮುಂದೆ ಹಿಡಿದಳು. ಹಿಟ್ಟು ಇನ್ನೂ ಹಸಿಯಾಗಿತ್ತು. ಮೇಲ್ಗಡೆ ಅಗಲವಾದ ಪೂರ್ತಿ ಸಾಲು ಮೂಡಿತ್ತು. ಕೆಳಗಡೆ ಹಿಂದಿನ ಎರಡು ಹಲ್ಲಿನ ಗುರುತು ಬಿಟ್ಟರೆ ಏನೂ ಇರಲಿಲ್ಲ.

"ಮ್ಯಾಲಿನ ಸಾಲು ನಮ್ಮ ಮನೀದು," ಅಂದಳು. "ಕೆಳಗ ಯಾರ ಮನೀದವ್ವ? ತಲಿ ಬಾಚತೀನಿ ಅಂತ ಕರಕೊಂಡು ಕುಂತು ಎಷ್ಟು ದಿನದಿಂದ ಉಣಸಾಕಹತ್ತೀದಿ?"

ಸಕ್ರವ್ವ ಆ ಉಂಡೆಯನ್ನೂ ಅವಳನ್ನೂ ನೋಡಿದಳು. ತಾನು ಒಂದು ತುತ್ತೂ ಕೊಟ್ಟಿಲ್ಲವೆಂದು ಸತ್ತ ಮಗಳ ಮೇಲೆ ಆಣೆ ಇಟ್ಟಳು. ಲಚಮವ್ವ, ಸತ್ತವಳ ಮೇಲೆ ಸುಳ್ಳು ಆಣೆ ಇಡಬೇಡ, ಅವಳಿಗೆ ಅಲ್ಲಿಯೂ ನೆಮ್ಮದಿ ಇಲ್ಲದಂತಾಗುತ್ತದೆ ಎಂದಳು. ಇನ್ನು ಕೂಸನ್ನು ಮುಟ್ಟಬೇಡ, ನಮ್ಮ ಓಣಿಗೆ ಬರಬೇಡ ಎಂದೂ ಹೇಳಿದಳು. ನಾನು ಕಟ್ಟೆಯ ಮೇಲೆ ಉಳಿ ಮಸೆಯುತ್ತ ಕೂತಿದ್ದೆ. ಮಸೆಯುತ್ತಲೇ ಇದ್ದೆ. ಈಗ ಹೇಳಿದರೆ ಆ ಗದ್ದವನ್ನು ಇವಳಿಂದ ಕಸಿದುಕೊಂಡಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೆದರಿಕೆ.

ಊರಿನಲ್ಲಿ ಮಾತು ಹಬ್ಬಿತು. ಬಾವಿಯಲ್ಲಿ ಸಕ್ರವ್ವ ಹಗ್ಗ ಹಿಡಿದರೆ ಮಕ್ಕಳಿರುವ ಹೆಂಗಸರು ತಮ್ಮ ಕೂಸುಗಳನ್ನು ಹಿಂದಕ್ಕೆ ಕರೆದುಕೊಳ್ಳುತ್ತಿದ್ದರಂತೆ. ಬುಟ್ಟಿ ಮುಚ್ಚಿಕೊಳ್ಳಿರಿ, ಉಣಿಸುವವಳು ಬಂದಳು ಎಂದು ಯಾರೋ ಅಂದರಂತೆ. ಅವಳು ಬಂದು ನನಗೆ ಹೇಳಿದಳು. ಅಳಲಿಲ್ಲ. ತನಗೇ ಗೊತ್ತಿಲ್ಲದೆ ಯಾವಾಗಲಾದರೂ ಕೊಟ್ಟಿರಬಹುದೇ ಎಂದು ನನ್ನನ್ನು ಕೇಳಿದಳು. ಕೈಯಲ್ಲಿ ರೊಟ್ಟಿಯ ಚೂರಿದ್ದು ಕೂಸು ಎತ್ತಿಕೊಂಡಿರಬಹುದೇ? ಇಲ್ಲ, ನೀನು ಕೊಟ್ಟಿಲ್ಲ ಎಂದೆ. ನಿಮಗೆ ಹೇಗೆ ಗೊತ್ತು ಎಂದಳು.

ಒಂದು ವಾರ ಬಿಟ್ಟು ಗಾಳೆಪ್ಪ ನನ್ನನ್ನು ಹುಡುಕಿಕೊಂಡು ಬಂದ. ಅವನು ಮಾತಿನಲ್ಲಿ ಬಡವ. ಬಹಳ ಹೊತ್ತು ಕಾಲಿನಿಂದ ಮಣ್ಣು ಕೆದರುತ್ತ ನಿಂತ. ಕೂಸು ಸೊರಗುತ್ತಿದೆಯಂತೆ. ಹಾಲುಹಲ್ಲು ಒಂದೊಂದೇ ಸಡಿಲಾಗುತ್ತಿವೆ, ಹಿಂದಿನ ಎರಡು ಹಲ್ಲಿನಲ್ಲಿ ಎಷ್ಟು ಅಗಿದೀತು, ಚೂರು ಚೂರೇ ನುಂಗಿ ಕಾರಿಕೊಳ್ಳುತ್ತದಂತೆ. ರಾತ್ರಿ ಬಾಯಿ ತೆರೆದುಕೊಂಡೇ ಮಲಗುತ್ತದಂತೆ.

"ಮಾವ," ಅಂದ, "ಅತ್ತಿ ಉಣಿಸಿದ್ರ ಉಣಿಸ್ಯಾಳ. ನಾ ಏನೂ ಅನ್ನೂದಿಲ್ಲ, ಅವ್ವಗೂ ಅನ್ನಗೊಡೂದಿಲ್ಲ. ಎಷ್ಟು ದಿನ ಉಣಿಸ್ಯಾಳ ಅಷ್ಟ ಹೇಳಲಿ. ಹೇಳಿದ್ರ ದವಡಿ ಎಷ್ಟು ತಿರುಗಿಸಬೇಕಂತ ಗೊತ್ತಾಕ್ಕೈತಿ. ಹಲ್ಲು ನಿಂತ ಮ್ಯಾಲ ಏನು ಮಾಡಾಕೂ ಬರೂದಿಲ್ಲ."

ಅವನು ಹೋದ ಮೇಲೆ ಒಳಗೆ ಹೋದೆ. ಸಕ್ರವ್ವ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಮೊದಲ ಸಾಲು ಎರಡರಂತೆ ಹೊಡೆದದ್ದನ್ನೂ ಬಿಡಲಿಲ್ಲ. ಅವಳ ಕೈ ಮೊರದ ಮೇಲೆ ನಿಂತಿತು. ಒಂದು ಕಲ್ಲು ಹರಳು ಹುಡುಕಿ ತೆಗೆದು ಆಚೆ ಎಸೆದಳು, ಇನ್ನೊಂದು ಎಸೆದಳು.

"ಆಕಿ ಬಂದು ನನಗ ಅಂದಾಗ ನೀವು ಅಲ್ಲೇ ಕುಂತಿದ್ರಿ," ಅಂದಳು.

ಹೌದು ಎಂದೆ.

"ಉಳಿ ಮಸೀತಿದ್ರಿ."

ಹೌದು ಎಂದೆ. ಅವಳು ಮತ್ತೆ ಜೋಳ ಕೇರಲು ಹತ್ತಿದಳು. ಅಷ್ಟೂ ಜೋಳ ಹಸನು ಮಾಡಿ ಮುಗಿಸಿದಳು. ಆಮೇಲೆ ಕಲ್ಲು ಯಾವಾಗ ಹೊಡೆಯುತ್ತೀರಿ ಎಂದು ಕೇಳಿದಳು.

"ಹೊಡದ್ರ ಆ ಗದ್ದ ಹೋಗತೈತಿ," ಎಂದೆ. "ಇನ್ನೊಂದು ವರ್ಷ ಸುಮ್ಮನಿದ್ರ ಹಂಗ ನಿಲ್ಲತೈತಿ. ಆಮ್ಯಾಲ ಯಾರೂ ತಗೀಲಿಕ್ಕೆ ಬರೂದಿಲ್ಲ."

ನಾನು ಯಾಕೆ ಹಾಗೆ ಹೇಳಿದೆನೋ ಇಂದಿಗೂ ತಿಳಿಯದು. ಬಹುಶಃ ಅವಳೇ ಬೇಡವೆನ್ನಲಿ ಎಂದು ಕಾಯುತ್ತಿದ್ದೆ. ಅವಳು ಮೊರ ಕೊಡವಿ ಗೋಡೆಗೆ ಒರಗಿಸಿದಳು.

"ನನ್ನ ಕಣ್ಣಿಗೆ ಹಬ್ಬ ಆಗಲಿ ಅಂತ ಕೂಸು ಜೀವಮಾನ ಗಂಜಿ ಕುಡೀಬೇಕೇನು?" ಅಂದಳು. "ನಾಳೆ ಬ್ಯಾಡ. ನಾಡಿದ್ದು ಹೊಡೀರಿ. ನಾಳೆ ಒಂದು ದಿನ ನಾ ನೋಡಿ ಬರತೀನಿ."

ಮರುದಿನ ಮುಂಜಾನೆ ನಾವಿಬ್ಬರೂ ಗಾಳೆಪ್ಪನ ಮನೆಗೆ ಹೋದೆವು. ನಾನೇ ಹೇಳಿದೆ. ಲಚಮವ್ವ ನೆಲದ ಮೇಲೆ ಕೂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಎರಡು ವರ್ಷ ಆ ಹಿಟ್ಟನ್ನೇ ಹೊಗಳಿಕೊಂಡು ತಿಂದೆನಲ್ಲ ಎಂದಳು, ಅಷ್ಟೇ. ನನ್ನನ್ನು ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಗಾಳೆಪ್ಪ ಗೋಡೆಯ ಕಡೆ ತಿರುಗಿ ನಿಂತ. ಸಕ್ರವ್ವ ಯಾರ ಮಾತಿಗೂ ಕಾಯಲಿಲ್ಲ. ಕೂಸನ್ನು ಬೆಳಕಿರುವಲ್ಲಿ ಬಾಗಿಲ ಹತ್ತಿರ ಕೂಡಿಸಿಕೊಂಡು ಸಂಜೆಯವರೆಗೆ ಅಲ್ಲೇ ಇದ್ದಳು. ಹಾಡು ಹೇಳಿಸಿದಳು, ಕಥೆ ಹೇಳಿದಳು, ಬಗಲಲ್ಲಿ ಬೆರಳಾಡಿಸಿ ನಗಿಸಿದಳು. ನಿಂಬವ್ವ ಕೆಳತುಟಿ ಒಳಗೆಳೆದುಕೊಂಡು ನಗುವುದು, ಇವಳು ಇನ್ನೊಮ್ಮೆ ನಗು ಎನ್ನುವುದು. ಕೊನೆಗೆ ಕೂಸಿಗೇ ಬೇಸರ ಬಂದು, ಸಾಕು ಆಯಿ, ಬಾಯಿ ನೋಯುತ್ತದೆ ಎಂದಿತು.

ಅದರ ಮರುದಿನ ಮುಳ್ಳು ಹಾಕಿದೆ. ಬೆರಳಿಗೆ ಎರಡು. ಒತ್ತಿನ ಗುಳಿಗಳೆಲ್ಲ ಹೋಗುವಷ್ಟು ಕಲ್ಲಿನ ಮೈ ಕೆತ್ತಿ ಹೊಸದಾಗಿ ಹೊಡೆಯಬೇಕಾಯಿತು. ಲಚಮವ್ವ ಪಕ್ಕದಲ್ಲೇ ಕೂತು ಪ್ರತಿ ಸಾಲಿನ ಮೇಲೆ ತನ್ನ ಬೆರಳಿಟ್ಟು ನೋಡುತ್ತಿದ್ದಳು. ಅದು ನನ್ನ ಕೊನೆಯ ಕಲ್ಲು. ಆಮೇಲೆ ಯಾರೂ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಆಚೆ ಊರಿನಿಂದ ನನ್ನ ಚಿಕ್ಕಪ್ಪನ ಮಗ ಬಂದು ಹೊಡೆದು ಹೋಗುತ್ತಾನೆ. ಅವನಿಗೆ ಮನೆಮನೆಯ ಅಳತೆ ಬಾಯಿಪಾಠ ಹೇಳಿಕೊಟ್ಟೆ.

ಕಲ್ಲು ಸರಿಯಾದರೂ ಕೂಸು ಉಣ್ಣಲಿಲ್ಲ. ತರಿ ರೊಟ್ಟಿ ಒಸಡಿಗೆ ಚುಚ್ಚುತ್ತಿತ್ತು. ಬಾಯಿಗೆ ಹಾಕಿದ್ದನ್ನು ಉಗುಳಿ ಹಳೆಯ ರೊಟ್ಟಿ ಬೇಕೆಂದು ಹಟ ಹಿಡಿಯಿತು. ಲಚಮವ್ವನಿಗೆ ಆ ರೊಟ್ಟಿ ತಾನೇ ತಿನ್ನಲಾಗುತ್ತಿರಲಿಲ್ಲ, ಕೂಸಿಗೆ ಅಗಿಯುವುದನ್ನು ಹೇಗೆ ತೋರಿಸಿಯಾಳು? ತಾನು ಅಂಬಲಿ ಕುಡಿಯುತ್ತ ನೀನು ರೊಟ್ಟಿ ತಿನ್ನು ಎಂದರೆ ಯಾವ ಮಗು ಕೇಳುತ್ತದೆ? ನಾಲ್ಕು ದಿನ ನೋಡಿ ಐದನೆಯ ದಿನ ಅವಳೇ ನಮ್ಮ ಬಾಗಿಲಿಗೆ ಬಂದಳು. ಊರ ಬಾಯಿಗೆ ನಾನೇ ಉತ್ತರ ಹೇಳಿದ್ದೇನೆ, ನನ್ನ ಜೊತೆ ಬಾ ಎಂದಳು.

"ಅದು ನಿನ್ನ ಕೈಯಿಂದ ಹಾಕಿದ್ರ ಉಗಳೂದಿಲ್ಲ, ಸಕ್ರವ್ವ. ನಮ್ಮ ಮನ್ಯಾಗ, ನಮ್ಮ ರೊಟ್ಟಿ. ನೀ ಉಣಸು."

ಸಕ್ರವ್ವ ಸೆರಗು ಸರಿಮಾಡಿಕೊಂಡು ಹಿಂದೆಯೇ ಹೊರಟಳು. ಅಂದಿನಿಂದ ದಿನಕ್ಕೆ ಎರಡು ಹೊತ್ತು ಹೋಗಿ ಉಣಿಸಿದಳು. ಕೂಸಿನ ಎದುರು ಕೂತು ಚೂರು ಮುರಿದು ಬಾಯಿಗಿಟ್ಟು, ತಾನು ಬರಿಬಾಯಿಯಲ್ಲೇ ಅಗಿಯುತ್ತ ತೋರಿಸುತ್ತಿದ್ದಳು. ಈ ಕಡೆ ಹತ್ತು ಸಲ, ಆ ಕಡೆ ಹತ್ತು ಸಲ. ಮೊದಮೊದಲು ಒಂದು ರೊಟ್ಟಿಗೆ ಅರ್ಧ ಮಧ್ಯಾಹ್ನ ಹಿಡಿಯುತ್ತಿತ್ತು. ಕೆನ್ನೆ ನೋಯುತ್ತದೆ ಎಂದು ಅತ್ತರೆ ಬಿಸಿ ಅಂಗೈ ಇಟ್ಟು ತಿಕ್ಕಿ, ಮತ್ತೆ ಒಂದು ಚೂರು ಹಾಕುತ್ತಿದ್ದಳು. ಮನೆಗೆ ಬಂದರೆ ತಾನೂ ಊಟಕ್ಕೆ ಕೂಡುತ್ತಿದ್ದಳು. ನನಗೆ ಬಡಿಸುತ್ತಿದ್ದಳು, ಬೇಕಾದದ್ದಷ್ಟೇ ಮಾತಾಡುತ್ತಿದ್ದಳು. ಕೂಸಿನ ಮುಖ ಹೇಗಿದೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮಳೆಗಾಲ ಹೋಯಿತು, ಹಿಂಗಾರಿ ಜೋಳ ಮೊಣಕಾಲುದ್ದ ಬಂತು. ಒಂದು ದಿನ ಬರುತ್ತೀರೇನು ಎಂದು ಅವಳೇ ಕೇಳಿದಳು. ಹೋಗಿ ಹೊಸ್ತಿಲ ಹೊರಗೆ ಕೂತೆ. ನಿಂಬವ್ವ ಒಳಗೆ ಸಕ್ರವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತಿತ್ತು. ಹೊಸ ಹಲ್ಲು ಕೆಳಗೆ ನಾಲ್ಕು, ಮೇಲೆ ಎರಡು ಬಂದಿದ್ದವು. ಪೂರ್ತಿ ಕೂಡಿರಲಿಲ್ಲ, ಮುಂದೆ ದಾರ ಹಾಯುವಷ್ಟು ಸಂದು ಉಳಿದಿತ್ತು, ಅದು ಉಳಿದೇ ಇರುತ್ತದೆ. ಆದರೆ ಕೂಸು ಯಾರೂ ಮುರಿದು ಕೊಡದೆ ತಾನೇ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿತು. ಕಟಕ್ ಎಂದು ಮುರಿಯಿತು. ಒಳಗೆ ಅಂಬಲಿ ಕುಡಿಯುತ್ತಿದ್ದ ಲಚಮವ್ವ ತಲೆಯೆತ್ತಿ ನೋಡಿದಳು. ನಿಂಬವ್ವ ಬಾಯಿ ತುಂಬಿಕೊಂಡು ನನ್ನ ಕಡೆ ತಿರುಗಿ ನಕ್ಕಿತು. ಅಗಲವಾದ ದವಡೆ, ಚೌಕು ತಿರುಗಿದ ಎಲುಬು. ತುಟಿ ಒಳಗೆ ಹೋಗಲಿಲ್ಲ. ಅದು ಲಚಮವ್ವನ ನಗು, ಗಾಳೆಪ್ಪನ ನಗು.

ಸಕ್ರವ್ವ ಆ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗದೆ ಸಣ್ಣ ದನಿಯಲ್ಲಿ ಕೇಳಿದಳು.

"ಎಲ್ಲೂ ಉಳದಿಲ್ಲಲ್ಲ?"

"ಇಲ್ಲ," ಎಂದೆ.

ಅವಳು ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದಳು. ಅಂಚಿನಲ್ಲಿ ಕಂದಿ ಗಟ್ಟಿಯಾದ ಕಡೆ ಹುಡುಕಿ, ಅಲ್ಲಿಂದಲೇ ಒಂದು ಚೂರು ಮುರಿದು ಕೂಸಿನ ಬಾಯಿಯ ಹತ್ತಿರ ಹಿಡಿದಳು.

"ಅಗಿ, ನನ್ನವ್ವ," ಅಂದಳು. "ಚಲೋತ್ನಾಗಿ ಅಗಿ."